ಮೂಳೆ ಸಿಗುವ ಮೊದಲೇ ಕಥೆ ಸಿದ್ಧವಾಗಿತ್ತು

1823ರಲ್ಲಿ ವಿಲಿಯಂ ಬಕ್‌ಲ್ಯಾಂಡ್ ಎಂಬ ಭೂವಿಜ್ಞಾನಿ ವೇಲ್ಸ್‌ನ ಕಡಲಂಚಿನ ಒಂದು ಗುಹೆಯಲ್ಲಿ ಅಗೆದರು. ಪಾವಿಲ್ಯಾಂಡ್ ಗುಹೆ ಅಂತಾರೆ ಅದನ್ನು. ಅಲ್ಲಿ ಅವರಿಗೆ ಒಂದು ಅಸ್ಥಿಪಂಜರ ಸಿಕ್ಕಿತು. ತಲೆಬುರುಡೆ ಇರಲಿಲ್ಲ. ಮೂಳೆಗಳಿಗೆಲ್ಲ ಕೆಮ್ಮಣ್ಣು ಹತ್ತಿಕೊಂಡಿತ್ತು. ಪಕ್ಕದಲ್ಲಿ ದಂತದ ಕಡ್ಡಿಗಳು, ದಂತದ ಬಳೆಯ ಚೂರುಗಳು, ಸಣ್ಣ ಸಣ್ಣ ಕಡಲ ಚಿಪ್ಪುಗಳು. ಹತ್ತಿರದಲ್ಲೇ ಮ್ಯಾಮತ್ ಎಂಬ ಅಳಿದುಹೋದ ಆನೆಯ ತಲೆಬುರುಡೆ. ಯಾರೋ ಪ್ರೀತಿಯಿಂದ, ಶ್ರದ್ಧೆಯಿಂದ ಮಣ್ಣು ಮಾಡಿದ ದೇಹ ಅನ್ನುವುದು ನೋಡಿದರೇ ಗೊತ್ತಾಗುತ್ತಿತ್ತು.

ಬಕ್‌ಲ್ಯಾಂಡ್ ಆಕ್ಸ್‌ಫರ್ಡ್‌ನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದವರು, ಆ ಕಾಲದ ಅತ್ಯಂತ ಚುರುಕಾದ ಕಣ್ಣುಗಳಲ್ಲಿ ಅವರದೂ ಒಂದು. ಜೊತೆಗೆ ಪಾದ್ರಿ. ಮ್ಯಾಮತ್‌ಗಳು ಬೈಬಲಿನ ನೋಹನ ಜಲಪ್ರಳಯಕ್ಕೆ ಮುಂಚಿನವು, ಯುರೋಪಿಗೆ ಮನುಷ್ಯ ಬಂದದ್ದು ಪ್ರಳಯದ ನಂತರ ಅಂತ ಅವರು ನಂಬಿದ್ದರು. ಹಾಗಾಗಿ ಈ ಮೂಳೆಗಳು ಮ್ಯಾಮತ್ ಕಾಲದವು ಆಗಲು ಸಾಧ್ಯವೇ ಇರಲಿಲ್ಲ. ಬೆಟ್ಟದ ಮೇಲೆ ಹಳೆಯ ಕೋಟೆಯ ಗುರುತು ಇತ್ತು, ಅದು ರೋಮನ್ ಕಾಲದ ಶಿಬಿರ ಇರಬೇಕು ಅಂದುಕೊಂಡರು, ಒಡವೆ ಇದೆ ಅಂದಮೇಲೆ ಹೆಂಗಸೇ ಇರಬೇಕು ಅಂದುಕೊಂಡರು, ಕೊನೆಗೆ ಇವಳು ರೋಮನ್ ಕಾಲದವಳು ಅಂತ ತೀರ್ಮಾನ ಬರೆದರು. ಈಗ ನಮಗೆ ಗೊತ್ತಿರುವುದು ಇಷ್ಟು: ಅದು ಹೆಂಗಸಲ್ಲ, ಹರೆಯದ ಗಂಡಸು. ಸತ್ತು ಸುಮಾರು 33,000 ವರ್ಷ ಆಗಿದೆ.

ಈ ಪ್ರಸಂಗ ನನಗೆ ಯಾಕೆ ಮುಖ್ಯ ಅಂದ್ರೆ, ಇಲ್ಲಿ ಯಾರೂ ವಿಜ್ಞಾನವನ್ನು ವಿರೋಧಿಸುತ್ತಿಲ್ಲ. ಚರ್ಚ್ ಬಂದು ಗುಹೆಗೆ ಬೀಗ ಹಾಕಲಿಲ್ಲ. ಅಗೆದವನೇ ವಿಜ್ಞಾನಿ, ಅಳೆದವನೇ ವಿಜ್ಞಾನಿ. ಆದರೆ ಕಣ್ಣೆದುರಿನ ಮೂಳೆಗೆ ಯಾವ ಉತ್ತರ ಕೊಡಬಹುದು, ಯಾವುದನ್ನು ಕೊಡಬಾರದು ಅನ್ನುವ ಗಡಿಯನ್ನು ಒಂದು ಹಳೆಯ ಕಥೆ ಮೊದಲೇ ಎಳೆದುಬಿಟ್ಟಿತ್ತು. ನಂಬಿಕೆ ಒಂದು ಕಡೆ, ವಿಜ್ಞಾನ ಇನ್ನೊಂದು ಕಡೆ, ನಡುವೆ ಯುದ್ಧ ಅಂತ ನಾವು ಶಾಲೆಯಿಂದ ಕೇಳಿಕೊಂಡು ಬಂದಿದ್ದೇವಲ್ಲ, ಮನುಷ್ಯನ ಹುಟ್ಟಿನ ವಿಷಯದಲ್ಲಿ ನಡೆದದ್ದು ಅಷ್ಟು ಸರಳ ಅಲ್ಲ. ನಂಬಿಕೆ ವಿಜ್ಞಾನದ ಒಳಗೇ ಕೂತಿತ್ತು. ಕೆಲವು ಸಲ ದಾರಿ ತಪ್ಪಿಸಿತು. ಕೆಲವು ಸಲ, ಇದನ್ನು ಜನ ಹೇಳುವುದೇ ಇಲ್ಲ, ಸರಿಯಾದ ದಾರಿಯನ್ನೂ ತೋರಿಸಿತು.

ಕಾಲದ ಲೆಕ್ಕದಿಂದಲೇ ಶುರುಮಾಡೋಣ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಜಗತ್ತು ಸೃಷ್ಟಿಯಾದದ್ದು ಕ್ರಿಸ್ತಪೂರ್ವ 4004ರಲ್ಲಿ ಅಂತ ಲೆಕ್ಕ ಹಾಕಿದರು. ಈಗ ಅದನ್ನು ಹೇಳಿ ನಗುವವರು ಜಾಸ್ತಿ. ನನಗೆ ನಗು ಬರುವುದಿಲ್ಲ. ಸಿಕ್ಕ ಎಲ್ಲ ಹಳೆಯ ಬರಹಗಳನ್ನೂ, ರಾಜರ ಪಟ್ಟಿಗಳನ್ನೂ ಜೋಡಿಸಿ, ಜಗತ್ತಿಗೆ ಒಂದು ವಯಸ್ಸಿದೆ, ಅದನ್ನು ಲೆಕ್ಕದಿಂದ ಕಂಡುಹಿಡಿಯಬಹುದು ಅಂತ ಹೊರಟ ಮನುಷ್ಯ ಅವರು. ಉತ್ತರ ತಪ್ಪು. ಪ್ರಶ್ನೆ ಮಾತ್ರ ಮುಂದೆ ಭೂವಿಜ್ಞಾನಿಗಳು ಕೇಳಿದ ಅದೇ ಪ್ರಶ್ನೆ.

ಆದರೆ ಆ ಆರು ಸಾವಿರ ವರ್ಷದ ಚೌಕಟ್ಟು ಎಷ್ಟು ಗಟ್ಟಿಯಾಗಿ ಕೂತಿತ್ತು ನೋಡಿ. 1797ರಲ್ಲಿ ಜಾನ್ ಫ್ರಿಯರ್ ಎಂಬುವರು ಇಂಗ್ಲೆಂಡಿನ ಹಾಕ್ಸ್‌ನ್ ಎಂಬಲ್ಲಿ ಇಟ್ಟಿಗೆ ಮಣ್ಣಿನ ಗುಂಡಿಯಲ್ಲಿ ಸುಮಾರು ಹನ್ನೆರಡು ಅಡಿ ಆಳದಿಂದ ಬಂದ ಕಲ್ಲಿನ ಕೈಗೊಡಲಿಗಳನ್ನು ಗುರುತಿಸಿದರು. ಇವು ಬಹಳ ಬಹಳ ಹಳೆಯ ಕಾಲದವು, ಈಗಿನ ಜಗತ್ತಿಗಿಂತಲೂ ಆಚೆಯವು ಇರಬಹುದು ಅಂತ ಪತ್ರ ಬರೆದರು. ಪತ್ರ ಅಚ್ಚೂ ಆಯಿತು. ಯಾರೂ ಬೈಯಲಿಲ್ಲ, ಯಾರೂ ಅಲ್ಲಗಳೆಯಲಿಲ್ಲ. ಸುಮ್ನೆ ಬಿಟ್ಟುಬಿಟ್ಟರು. ಸುಮಾರು ಅರವತ್ತು ವರ್ಷ ಅದು ಹಾಗೇ ಬಿದ್ದಿತ್ತು. ತಲೆಯಲ್ಲಿ ಇಡಲು ಜಾಗ ಇಲ್ಲದ ಸಾಕ್ಷಿಯನ್ನು ಜನ ಸಾಮಾನ್ಯವಾಗಿ ವಿರೋಧಿಸುವುದಿಲ್ಲ, ಮರೆತುಬಿಡುತ್ತಾರೆ.

ಫ್ರಾನ್ಸ್‌ನ ಬೂಷೆ ದ ಪೆರ್ತ್ ಅವರ ಕಥೆ ಇನ್ನೂ ಸ್ವಾರಸ್ಯ. ಅಬೆವಿಲ್‌ನಲ್ಲಿ ಸುಂಕದ ಅಧಿಕಾರಿ. ಸೋಮ್ ನದಿಯ ಜಲ್ಲಿ ಪದರಗಳಲ್ಲಿ, ಅಳಿದುಹೋದ ಪ್ರಾಣಿಗಳ ಮೂಳೆಗಳ ಜೊತೆಗೇ, ಚಕಮಕಿ ಕಲ್ಲಿನ ಆಯುಧಗಳು ಸಿಗುತ್ತವೆ ಅಂತ ವರ್ಷಗಟ್ಟಲೆ ಹೇಳುತ್ತಾ ಬಂದರು. ಅವರಿಗೆ ಅದನ್ನು ಹುಡುಕುವ ಹುಮ್ಮಸ್ಸು ಬಂದದ್ದೇ ಪ್ರಳಯದ ಕಥೆಯಿಂದ. ಪ್ರಳಯಕ್ಕೆ ಮೊದಲು ಮನುಷ್ಯರಿದ್ದರು ಅಂತ ಅವರು ನಂಬಿದ್ದರು, ಅವರ ಗುರುತು ಮಣ್ಣಲ್ಲಿ ಇರಲೇಬೇಕು ಅಂತ ಅಗೆಸಿದರು. ಬಕ್‌ಲ್ಯಾಂಡ್ ಅವರನ್ನು ಕುರುಡು ಮಾಡಿದ ಅದೇ ಪ್ರಳಯ ಇವರಿಗೆ ಕಣ್ಣು ಕೊಟ್ಟಿತು! ಕೊನೆಗೆ 1859ರಲ್ಲಿ ಭೂವಿಜ್ಞಾನಿ ಪ್ರೆಸ್ಟ್‌ವಿಚ್ ಮತ್ತು ಪುರಾತತ್ವಜ್ಞ ಜಾನ್ ಇವಾನ್ಸ್ ಇಂಗ್ಲೆಂಡಿನಿಂದ ಹೋಗಿ ಪದರಗಳನ್ನು ಸ್ವತಃ ನೋಡಿ ಬಂದು, ಹೌದು, ಇದು ನಿಜ ಅಂದರು. ಮನುಷ್ಯನ ವಯಸ್ಸು ಒಮ್ಮೆಲೇ ಹಿಂದಕ್ಕೆ ಸರಿಯಿತು. ಪ್ರಳಯದ ಕಥೆ ಬಿದ್ದುಹೋಯಿತು, ಕಲ್ಲುಗಳು ಉಳಿದವು.

ಕಾಲದ ಗಡಿ ಮುರಿದದ್ದು ಬೇಗ. ಏಣಿ ಮುರಿಯಲಿಲ್ಲ. ನನ್ನ ಪ್ರಕಾರ ನಿಜವಾದ ಕಷ್ಟ ಅಲ್ಲೇ ಇರುವುದು.

ಏಣಿ ಅಂದ್ರೆ ಅರಿಸ್ಟಾಟಲ್ ಕಾಲದಿಂದ ಬಂದ ಒಂದು ಕಲ್ಪನೆ. ಕೆಳಗೆ ಕಲ್ಲು, ಅದರ ಮೇಲೆ ಗಿಡ, ಆಮೇಲೆ ಹುಳ, ಮೀನು, ಹಕ್ಕಿ, ಪ್ರಾಣಿ, ಮೇಲೆ ಮನುಷ್ಯ. ಕ್ರೈಸ್ತ ಚಿಂತಕರು ಅದರ ಮೇಲೆ ದೇವದೂತರನ್ನೂ ದೇವರನ್ನೂ ಸೇರಿಸಿದರು. ಎಲ್ಲಕ್ಕೂ ಒಂದು ಮೆಟ್ಟಿಲು, ಯಾವ ಮೆಟ್ಟಿಲೂ ಖಾಲಿ ಇರಬಾರದು. ಡಾರ್ವಿನ್ ಹೇಳಿದ್ದು ಇದಕ್ಕೆ ಪೂರ್ತಿ ಬೇರೆ. ಅವರದು ಕವಲೊಡೆಯುವ ಮರ. ಅದರಲ್ಲಿ ತುದಿ ಅಂತ ಒಂದಿಲ್ಲ, ಈಗ ಬದುಕಿರುವ ಪ್ರತಿಯೊಂದು ಜೀವಿಯೂ ಒಂದು ತುದಿಯೇ. ಆದರೆ ಜನ ಮರವನ್ನು ಓದಿ ಏಣಿಯನ್ನು ಅರ್ಥಮಾಡಿಕೊಂಡರು. ವಿಜ್ಞಾನಿಗಳೂ ಅಷ್ಟೇ. ಮಂಗಕ್ಕೂ ಮನುಷ್ಯನಿಗೂ ನಡುವೆ ಒಂದು ಮೆಟ್ಟಿಲು ಖಾಲಿ ಇದೆ, ಆ ಕಳೆದುಹೋದ ಕೊಂಡಿ ಎಲ್ಲೋ ಇದೆ ಅಂತ ಹುಡುಕಾಟ ಶುರುವಾಯಿತು.

ಜರ್ಮನಿಯ ಅರ್ನ್ಸ್ಟ್ ಹೆಕೆಲ್ ಎಷ್ಟು ದೂರ ಹೋದರು ಅಂದ್ರೆ, ಒಂದು ಮೂಳೆಯೂ ಸಿಗುವ ಮೊದಲೇ ಆ ಕೊಂಡಿಗೆ ಪಿತೆಕಾಂತ್ರೊಪಸ್ ಅಂತ ಹೆಸರಿಟ್ಟುಬಿಟ್ಟರು. ಅದನ್ನು ನಂಬಿ ಯುಜೀನ್ ಡುಬ್ವಾ ಎಂಬ ಡಚ್ ವೈದ್ಯರು ಸೈನ್ಯದ ಡಾಕ್ಟರ್ ಕೆಲಸ ಹಿಡಿದು 1887ರಲ್ಲಿ ಇಂಡೋನೇಷ್ಯಾಕ್ಕೆ ಹೊರಟರು. 1891ರಲ್ಲಿ ಜಾವಾದ ಟ್ರಿನಿಲ್ ಎಂಬಲ್ಲಿ, ಸೋಲೋ ನದಿಯ ದಂಡೆಯಲ್ಲಿ, ಅವರಿಗೆ ತಲೆಬುರುಡೆಯ ಮೇಲ್ಭಾಗ ನಿಜಕ್ಕೂ ಸಿಕ್ಕಿತು! ಮರುವರ್ಷ ತೊಡೆಮೂಳೆ. ತಪ್ಪು ನಕ್ಷೆ ಹಿಡಿದು ಹೋದವರಿಗೆ ನಿಧಿ ಸಿಕ್ಕಿದ ಹಾಗೆ ಇದು. ಈಗ ನಾವು ಅದನ್ನು ಹೋಮೋ ಇರೆಕ್ಟಸ್ ಅಂತೀವಿ.

ಆ ಬುರುಡೆಯೂ ತೊಡೆಮೂಳೆಯೂ ಸೇರಿ ಒಂದು ಮಾತು ಹೇಳುತ್ತಿದ್ದವು: ಈ ಜೀವಿಯ ಮೆದುಳು ನಮ್ಮದಕ್ಕಿಂತ ಚಿಕ್ಕದು, ಆದರೆ ನಡಿಗೆ ನಮ್ಮದೇ. ಇದು ಬಹಳ ಜನಕ್ಕೆ ಹಿಡಿಸಲಿಲ್ಲ. ಯಾಕಂದ್ರೆ ಮನುಷ್ಯನನ್ನು ಮನುಷ್ಯ ಮಾಡಿದ್ದು ಬುದ್ಧಿ ಅನ್ನುವುದು ಬರೀ ವಿಜ್ಞಾನದ ಊಹೆ ಆಗಿರಲಿಲ್ಲ. ಅದು ಎರಡು ಸಾವಿರ ವರ್ಷದ ನಂಬಿಕೆ. ದೇಹ ಮಣ್ಣು, ಮನಸ್ಸು ದೈವದ ಅಂಶ. ಅಂದಮೇಲೆ ಮೊದಲು ತಲೆ ದೊಡ್ಡದಾಗಿರಬೇಕು, ಉಳಿದದ್ದೆಲ್ಲ ತಲೆಯ ಹಿಂದೆ ಬಂದಿರಬೇಕು. ದೇವರನ್ನು ಬಿಟ್ಟ ವಿಜ್ಞಾನಿಗಳೂ ಈ ಕ್ರಮವನ್ನು ಮಾತ್ರ ಬಿಡಲಿಲ್ಲ. ಡಾರ್ವಿನ್ ಜೊತೆಗೇ ನೈಸರ್ಗಿಕ ಆಯ್ಕೆಯನ್ನು ಕಂಡುಹಿಡಿದ ಆಲ್ಫ್ರೆಡ್ ವಾಲೆಸ್ ಕೂಡ 1869ರಲ್ಲಿ, ಉಳಿದೆಲ್ಲ ಸರಿ, ಮನುಷ್ಯನ ಮೆದುಳನ್ನು ಮಾತ್ರ ಆಯ್ಕೆಯಿಂದ ವಿವರಿಸಲು ಆಗದು, ಅಲ್ಲಿ ಯಾವುದೋ ಮೇಲಿನ ಶಕ್ತಿಯ ಕೈವಾಡ ಇದೆ ಅಂತ ಬರೆದರು. ಡಾರ್ವಿನ್ ತಮ್ಮ ಪ್ರತಿಯ ಅಂಚಿನಲ್ಲಿ ಇಲ್ಲ ಅಂತ ಬರೆದು ಮೂರು ಸಲ ಗೆರೆ ಎಳೆದರು.

ಈಗ ಪಿಲ್ಟ್‌ಡೌನ್‌ಗೆ ಬರೋಣ. 1912ರ ಡಿಸೆಂಬರ್‌ನಲ್ಲಿ, ಇಂಗ್ಲೆಂಡಿನ ಸಸೆಕ್ಸ್‌ನ ಒಂದು ಜಲ್ಲಿ ಗುಂಡಿಯಿಂದ ಬಂದ ಆದಿಮಾನವ ಅಂತ ಒಂದಷ್ಟು ಚೂರುಗಳನ್ನು ಲಂಡನ್ನಿನಲ್ಲಿ ತೋರಿಸಿದರು. ತಂದವರು ಚಾರ್ಲ್ಸ್ ಡಾಸನ್ ಎಂಬ ವಕೀಲರು. ಬುರುಡೆ ಮನುಷ್ಯನದು, ದವಡೆ ವಾನರದ್ದು. ದೊಡ್ಡ ಮೆದುಳು, ಮಂಗನ ಬಾಯಿ. ಎಲ್ಲರೂ ಕಾಯುತ್ತಿದ್ದ ಕ್ರಮವೇ ಇದು, ತಲೆ ಮೊದಲು. ಮೇಲಾಗಿ ಫ್ರಾನ್ಸ್‌ಗೆ ಅದರದೇ ಆದಿಮಾನವ ಇದ್ದ, ಜರ್ಮನಿಗೆ ಇದ್ದ, ಇಂಗ್ಲೆಂಡಿಗೆ ಇರಲಿಲ್ಲ. ಈಗ ಸಿಕ್ಕಿದ. ಅದನ್ನು ಅನುಮಾನಿಸಿದವರು ಇರಲೇ ಇಲ್ಲ ಅಂತಲ್ಲ. ಬುರುಡೆ ಬೇರೆ, ದವಡೆ ಬೇರೆ ಅಂತ ಆಗಲೇ ಹೇಳಿದವರಿದ್ದರು. ಆದರೆ ಆರ್ಥರ್ ಕೀತ್, ಎಲಿಯಟ್ ಸ್ಮಿತ್, ಸ್ಮಿತ್ ವುಡ್‌ವರ್ಡ್ ಥರದ ದೊಡ್ಡ ಹೆಸರುಗಳು ಒಪ್ಪಿದ್ದವು. ನಲವತ್ತು ವರ್ಷ ಅದು ಪುಸ್ತಕಗಳಲ್ಲಿ ಉಳಿಯಿತು. 1953ರಲ್ಲಿ ಪರೀಕ್ಷೆ ಮಾಡಿದರೆ ದವಡೆ ಒರಾಂಗುಟಾನ್‌ನದು, ಹಲ್ಲುಗಳನ್ನು ಅರದಿಂದ ಉಜ್ಜಿದ್ದಾರೆ, ಎಲ್ಲಕ್ಕೂ ಬಣ್ಣ ಹಚ್ಚಿದ್ದಾರೆ. ಅಪ್ಪಟ ಮೋಸ.

ಮೋಸ ಮಾಡಿದವರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನನ್ನ ಸಂಕಟ ಬೇರೆಯದು. ಪಿಲ್ಟ್‌ಡೌನ್ ಸುಳ್ಳನ್ನು ನಂಬಿದ ಅದೇ ವರ್ಷಗಳಲ್ಲಿ ನಿಜವೊಂದು ಬಂದು ಬಾಗಿಲಲ್ಲಿ ನಿಂತಿತ್ತು. 1924ರಲ್ಲಿ ದಕ್ಷಿಣ ಆಫ್ರಿಕಾದ ಟಾಂಗ್ ಎಂಬಲ್ಲಿ, ಸುಣ್ಣಕಲ್ಲಿನ ಗಣಿಯಿಂದ ಬಂದ ಕಲ್ಲಿನೊಳಗೆ ರೇಮಂಡ್ ಡಾರ್ಟ್ ಎಂಬ ಅಂಗರಚನಾ ತಜ್ಞರಿಗೆ ಒಂದು ಮಗುವಿನ ಮುಖ ಕಂಡಿತು. ಹಾಲುಹಲ್ಲು ಇನ್ನೂ ಬಿದ್ದಿರಲಿಲ್ಲ. ಮೆದುಳು ವಾನರದ ಮೆದುಳಿನಷ್ಟೇ ಚಿಕ್ಕದು. ಆದರೆ ಬೆನ್ನುಹುರಿ ಹಾದುಹೋಗುವ ತೂತು ಬುರುಡೆಯ ಹಿಂದೆ ಇಲ್ಲ, ಕೆಳಗಿದೆ. ಅಂದ್ರೆ ತಲೆ ಬೆನ್ನಿನ ಮೇಲೆ ನೇರ ಕೂತಿತ್ತು, ಈ ಮಗು ಎರಡು ಕಾಲಲ್ಲಿ ನಡೆಯುತ್ತಿತ್ತು. ಡಾರ್ಟ್ 1925ರ ಫೆಬ್ರವರಿಯಲ್ಲಿ ಪ್ರಕಟಿಸಿದರು, ಆಸ್ಟ್ರಲೊಪಿತೆಕಸ್ ಆಫ್ರಿಕಾನಸ್ ಅಂತ ಹೆಸರಿಟ್ಟರು. ಲಂಡನ್ನಿನ ದೊಡ್ಡವರು ಇದು ಮರಿ ವಾನರ ಅಂದರು. ಮಗುವಿನ ಬುರುಡೆಯಿಂದ ಇಷ್ಟೆಲ್ಲ ಹೇಳಬಾರದು ಅನ್ನುವ ಆಕ್ಷೇಪದಲ್ಲಿ ಸ್ವಲ್ಪ ನ್ಯಾಯವೂ ಇತ್ತು ಅನ್ನಿ. ಆದರೆ ಮುಖ್ಯ ಅಡ್ಡಿ ಅದಲ್ಲ. ಇಲ್ಲಿ ಕ್ರಮ ತಲೆಕೆಳಗಾಗಿತ್ತು, ಕಾಲು ಮೊದಲು ಬಂದಿತ್ತು. ಜಾಗವೂ ಅವರಿಗೆ ಸರಿ ಕಾಣಲಿಲ್ಲ. ಮನುಷ್ಯನ ತೊಟ್ಟಿಲು ಆಫ್ರಿಕಾದಲ್ಲೇ ಇರುವ ಸಾಧ್ಯತೆ ಜಾಸ್ತಿ ಅಂತ ಡಾರ್ವಿನ್ 1871ರಲ್ಲೇ ಬರೆದಿದ್ದರೂ, ಕಣ್ಣೆಲ್ಲ ಏಷ್ಯಾದ ಮೇಲಿತ್ತು. ಬೈಬಲಿನ ಏದೆನ್ ತೋಟ ಪೂರ್ವದಲ್ಲಿತ್ತು ಅನ್ನುವ ಹಳೆಯ ಅಭ್ಯಾಸ, ಆಫ್ರಿಕಾದಿಂದ ಒಳ್ಳೆಯದು ಬರಲಾರದು ಅನ್ನುವ ವಸಾಹತು ಕಾಲದ ಸೊಕ್ಕು, ಎರಡೂ ಅದರಲ್ಲಿ ಬೆರೆತಿದ್ದವು.

ಆಗ ಡಾರ್ಟ್ ಪರ ನಿಂತವರು ಯಾರು ಗೊತ್ತಾ? ರಾಬರ್ಟ್ ಬ್ರೂಮ್. ಸ್ಕಾಟ್ಲೆಂಡಿನ ವೈದ್ಯರು, ಪಳೆಯುಳಿಕೆ ತಜ್ಞರು. ವಿಕಾಸವನ್ನು ಯಾವುದೋ ಅಲೌಕಿಕ ಶಕ್ತಿಗಳು ಮುನ್ನಡೆಸುತ್ತಿವೆ, ಅದರ ಗುರಿಯೇ ಮನುಷ್ಯ ಅಂತ ಗಟ್ಟಿಯಾಗಿ ನಂಬಿದವರು. ಆ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಆದರೆ ಅವರು ಡಾರ್ಟ್ ಪ್ರಯೋಗಾಲಯಕ್ಕೆ ನುಗ್ಗಿ ಆ ಪುಟ್ಟ ಬುರುಡೆಯ ಮುಂದೆ, ನಮ್ಮ ಪೂರ್ವಜನಿಗೆ ನಮಸ್ಕಾರ ಅಂತ ಮಂಡಿಯೂರಿದರು ಅಂತ ಡಾರ್ಟ್ ಬರೆದಿದ್ದಾರೆ. ವಯಸ್ಸಾದ ಮೇಲೆ ಸ್ಟೆರ್ಕ್‌ಫಾಂಟೈನ್ ಗುಹೆಗಳಲ್ಲಿ ದೊಡ್ಡವರ ಬುರುಡೆಗಳನ್ನು ಹುಡುಕಿದರು, 1947ರಲ್ಲಿ ಬಹುಪಾಲು ಪೂರ್ತಿ ಇರುವ ಒಂದು ಬುರುಡೆ ಸಿಕ್ಕಿತು. ಅದೇ ವರ್ಷ ಆರ್ಥರ್ ಕೀತ್, ಡಾರ್ಟ್ ಹೇಳಿದ್ದೇ ಸರಿ ಅಂತ ಬಹಿರಂಗವಾಗಿ ಒಪ್ಪಿಕೊಂಡರು. ನಾಸ್ತಿಕರು ಸರಿ, ನಂಬುವವರು ತಪ್ಪು ಅನ್ನುವ ಸಲೀಸು ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬ್ರೂಮ್ ಅವರ ನಂಬಿಕೆ ಅವರನ್ನು ಗುಹೆಗೆ ಇಳಿಸಿತು, ಗುಹೆಯಲ್ಲಿ ಸಿಕ್ಕ ಮೂಳೆ ಮಾತ್ರ ಯಾರ ನಂಬಿಕೆಯದ್ದೂ ಆಗಿರಲಿಲ್ಲ. 1974ರಲ್ಲಿ ಇಥಿಯೋಪಿಯಾದಲ್ಲಿ ಸಿಕ್ಕ ಲೂಸಿ ಎಂಬ ಅಸ್ಥಿಪಂಜರ, 1978ರಲ್ಲಿ ಟಾಂಜಾನಿಯಾದ ಲೈಟೊಲಿಯ ಬೂದಿಯಲ್ಲಿ ಕಂಡ ಸುಮಾರು 36 ಲಕ್ಷ ವರ್ಷ ಹಳೆಯ ಹೆಜ್ಜೆಗುರುತುಗಳು, ಇವೆಲ್ಲ ಬಂದಮೇಲೆ ಅನುಮಾನವೇ ಉಳಿಯಲಿಲ್ಲ. ನಾವು ಮೊದಲು ನಡೆದೆವು. ತಲೆ ಬೆಳೆದದ್ದು ಬಹಳ ಬಹಳ ತಡವಾಗಿ.

ಆದರೆ ಡಾರ್ಟ್ ಕೂಡ ಹಳೆಯ ಕಥೆಯಿಂದ ಹೊರಗೆ ಇರಲಿಲ್ಲ. ಈ ಭಾಗವನ್ನು ಬರೆಯಲೆಂದೇ ಇಷ್ಟು ಹೊತ್ತು ಬರೆದೆ ಅಂದರೂ ತಪ್ಪಿಲ್ಲ.

ಮಾಕಪಾನ್ಸ್‌ಗಾಟ್ ಎಂಬ ಗುಹೆಯಲ್ಲಿ ಆಸ್ಟ್ರಲೊಪಿತೆಕಸ್ ಜೊತೆ ರಾಶಿ ರಾಶಿ ಮುರಿದ ಪ್ರಾಣಿ ಮೂಳೆಗಳು ಸಿಕ್ಕವು. ಡಾರ್ಟ್ ಅವನ್ನು ನೋಡಿ, ಇವೆಲ್ಲ ಆಯುಧಗಳು ಅಂದರು. ದವಡೆ ಗರಗಸ, ಕೊಂಬು ಚೂರಿ, ತೋಳಿನ ಮೂಳೆ ದೊಣ್ಣೆ. 1953ರ ಅವರ ಲೇಖನದ ಪ್ರಕಾರ ನಮ್ಮ ಪೂರ್ವಜರು ಕೊಲೆಗಡುಕರು, ರಕ್ತದ ರುಚಿ ಹತ್ತಿದವರು, ಮಂಗ ಮನುಷ್ಯನಾದದ್ದೇ ಕೊಲ್ಲುವುದರಿಂದ. ಈ ಕ್ರೌರ್ಯವನ್ನು ಅವರು ಕಾಯಿನನ ಗುರುತು ಅಂತ ಕರೆದರು. ತಮ್ಮ ಹೇಬೆಲನನ್ನು ಕೊಂದ ಕಾಯಿನನ ಮೇಲೆ ದೇವರು ಹಾಕಿದ ಗುರುತು! ವಿಜ್ಞಾನದ ಲೇಖನ, ಒಳಗೆ ಬೈಬಲಿನ ಆದಿಕಾಂಡ. ದೇವರಿಲ್ಲ, ಹಾವಿಲ್ಲ, ಹಣ್ಣಿಲ್ಲ, ಆದರೆ ಮೂಲಪಾಪ ಹಾಗೇ ಇದೆ. ಮನುಷ್ಯ ಹುಟ್ಟಿನಿಂದಲೇ ಕೆಟ್ಟವನು, ಆ ಕೆಡುಕು ರಕ್ತದಲ್ಲೇ ಹರಿದು ಬಂದಿದೆ.

ಎರಡು ಮಹಾಯುದ್ಧ ಮುಗಿದಿದ್ದ ಕಾಲ ಅದು. ಜನಕ್ಕೆ ಈ ಮಾತು ತುಂಬಾ ಹಿಡಿಸಿತು. ಯುದ್ಧ ಯಾಕೆ ಆಗುತ್ತದೆ ಅನ್ನುವುದಕ್ಕೆ ಒಂದು ಉತ್ತರ ಸಿಕ್ಕಿದ ಹಾಗಾಯಿತು, ಮತ್ತು ಆ ಉತ್ತರ ಯಾರನ್ನೂ ಹೊಣೆ ಮಾಡುತ್ತಿರಲಿಲ್ಲ. ಜನಪ್ರಿಯ ಪುಸ್ತಕಗಳು ಬಂದವು, ಸಿನಿಮಾಗಳಲ್ಲಿ ಬಂತು. ಇವತ್ತಿಗೂ ಯಾರಾದರೂ, ಮನುಷ್ಯ ಮೂಲತಃ ಪ್ರಾಣಿ ಕಣ್ರೀ, ಹೊಡೆದಾಡುವುದು ಅವನ ಸ್ವಭಾವ ಅಂತ ಹೇಳಿದಾಗ ನನಗೆ ಆ ಮೂಳೆ ರಾಶಿ ನೆನಪಾಗುತ್ತದೆ.

ಆ ಮೂಳೆಗಳನ್ನು ಮತ್ತೆ ಕೈಗೆತ್ತಿಕೊಂಡವರು ಬಾಬ್ ಬ್ರೇನ್. ಅವರದು ತಾಳ್ಮೆಯ ಕೆಲಸ. ನಾಯಿಗಳು ಕಡಿದ ಮೇಕೆ ಮೂಳೆಗಳಲ್ಲಿ ಯಾವ ಭಾಗ ಉಳಿಯುತ್ತದೆ, ಯಾವುದು ನಾಶವಾಗುತ್ತದೆ, ಚಿರತೆ ತಿಂದುಬಿಟ್ಟದ್ದು ಹೇಗಿರುತ್ತದೆ ಅಂತ ವರ್ಷಗಟ್ಟಲೆ ನೋಡಿದರು, ಎಣಿಸಿದರು. ಗುಹೆಯ ರಾಶಿಯಲ್ಲಿ ಯಾವ ಮೂಳೆಗಳು ಜಾಸ್ತಿ, ಯಾವುವು ಕಡಿಮೆ ಅನ್ನುವ ಲೆಕ್ಕಕ್ಕೆ ಆಯುಧದ ಅಗತ್ಯವೇ ಇರಲಿಲ್ಲ, ಕಡಿಯುವ ಹಲ್ಲು ಸಾಕಿತ್ತು. ಸ್ವಾರ್ಟ್‌ಕ್ರಾನ್ಸ್ ಗುಹೆಯ ಒಂದು ಎಳೆಯ ಬುರುಡೆಯ ಹಿಂಭಾಗದಲ್ಲಿ ಎರಡು ತೂತುಗಳಿದ್ದವು. ದೊಣ್ಣೆ ಏಟು ಅಂತ ಅನ್ನಬಹುದಾಗಿತ್ತು. ಬ್ರೇನ್ ಅದರ ಮೇಲೆ ಚಿರತೆಯ ಪಳೆಯುಳಿಕೆ ದವಡೆ ಇಟ್ಟು ನೋಡಿದರು. ಕೆಳಗಿನ ಎರಡು ಕೋರೆಹಲ್ಲುಗಳು ಆ ತೂತುಗಳಲ್ಲಿ ಸರಿಯಾಗಿ ಕೂತವು. ಕೊಂದವನು ಅಲ್ಲ, ಕೊಲೆಯಾದವನು. ಮುಂದೆ ಬೇರೆ ಸಂಶೋಧಕರು ಟಾಂಗ್ ಮಗುವಿನ ಕಣ್ಣುಗುಳಿಯಲ್ಲೂ ದೊಡ್ಡ ಹದ್ದಿನ ಉಗುರು ಮಾಡುವಂಥ ಗಾಯಗಳನ್ನು ಗುರುತಿಸಿದರು. ರಕ್ತಪಿಪಾಸು ಪೂರ್ವಜ ಅಂತ ನಾವು ಹೆಸರಿಟ್ಟ ಜೀವಿ, ಹದ್ದು ಎತ್ತಿಕೊಂಡು ಹೋಗಬಹುದಾದಷ್ಟು ಪುಟ್ಟದು.

ಕೊಲೆಗಡುಕನ ಕಥೆ ಹೋದಮೇಲೂ ಬೇಟೆಗಾರ ಗಂಡಸಿನ ಕಥೆ ಬಹಳ ದಿನ ಉಳಿಯಿತು. 1966ರಲ್ಲಿ ಅದರ ಮೇಲೆಯೇ ದೊಡ್ಡ ವಿಚಾರಗೋಷ್ಠಿ ನಡೆಯಿತು. ಗಂಡು ಹೊರಗೆ ಹೋಗಿ ತಂದ, ಹೆಣ್ಣು ಕಾದು ಕೂತಳು, ಅದರಿಂದ ಬುದ್ಧಿ, ಭಾಷೆ, ಸಮಾಜ ಎಲ್ಲ ಬೆಳೆಯಿತು ಅಂತ. ಹಾಗಾದರೆ ಗೆಡ್ಡೆ ಅಗೆದವರು, ಕಾಯಿ ಆರಿಸಿದವರು, ಮಗುವನ್ನು ಕಟ್ಟಿಕೊಳ್ಳಲು ಜೋಳಿಗೆ ಹೊಲಿದವರು ಯಾರು ಅಂತ ಸ್ಯಾಲಿ ಸ್ಲೋಕಂ ಥರದ ಮಾನವಶಾಸ್ತ್ರಜ್ಞೆಯರು 1970ರ ದಶಕದಲ್ಲಿ ಕೇಳಿದರು. ಅದೇ ಸಾಕ್ಷಿ, ಕೇಳುವವರು ಬದಲಾದರು, ಅಷ್ಟೇ. ಮಿಸಿಯಾ ಲ್ಯಾಂಡೌ ಎಂಬುವರು 1980ರ ದಶಕದಲ್ಲಿ ಇನ್ನೊಂದು ಮಜಾ ತೋರಿಸಿದರು. ಮನುಷ್ಯನ ವಿಕಾಸದ ಬಗ್ಗೆ ದೊಡ್ಡ ವಿಜ್ಞಾನಿಗಳು ಬರೆದದ್ದನ್ನೆಲ್ಲ ಓದಿದರೆ ಅವು ಜಾನಪದ ಕಥೆಯ ಅಚ್ಚಿನಲ್ಲೇ ಇವೆ ಅಂದರು. ಒಬ್ಬ ದುರ್ಬಲ ನಾಯಕ, ಮರದ ಮೇಲಿನ ಸುರಕ್ಷಿತ ಮನೆ ಬಿಟ್ಟು ಹೊರಡುತ್ತಾನೆ, ಕಷ್ಟ ಎದುರಿಸುತ್ತಾನೆ, ಯಾವುದೋ ವರ ಸಿಗುತ್ತದೆ, ಕೊನೆಗೆ ಗೆಲ್ಲುತ್ತಾನೆ. ವರ ಯಾವುದು ಅನ್ನುವುದರಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು: ಮೆದುಳು, ಆಯುಧ, ಎರಡು ಕಾಲು.

ನಂಬಿಕೆ ದಾರಿ ತಪ್ಪಿಸಿದ್ದನ್ನೇ ಹೇಳುತ್ತಾ ಹೋದರೆ ಅನ್ಯಾಯ ಆಗುತ್ತದೆ. 19ನೇ ಶತಮಾನದ ಅಮೆರಿಕದಲ್ಲಿ ಸ್ಯಾಮ್ಯುಯಲ್ ಮಾರ್ಟನ್ ಬುರುಡೆಗಳಿಗೆ ಮೊದಲು ಸಾಸಿವೆ ಥರದ ಕಾಳು, ಆಮೇಲೆ ಸೀಸದ ಗುಂಡು ತುಂಬಿ ಅಳೆಯುತ್ತಿದ್ದರು. ಅವರೂ ಲೂಯಿ ಅಗಾಸಿಯೂ ಮನುಷ್ಯರ ಬೇರೆ ಬೇರೆ ಜನಾಂಗಗಳು ಬೇರೆ ಬೇರೆಯಾಗಿಯೇ ಹುಟ್ಟಿದವು ಅಂತ ವಾದಿಸಿದರು. ಅದು ಆಗಿನ ಹೊಸ ವಿಜ್ಞಾನ, ಗುಲಾಮಗಿರಿಯನ್ನು ಬೆಂಬಲಿಸುವವರಿಗೆ ಬಹಳ ಅನುಕೂಲದ ವಿಜ್ಞಾನ. ಅದಕ್ಕೆ ಎದುರು ನಿಂತದ್ದು ಬಹುಮಟ್ಟಿಗೆ ಆದಾಮನ ಕಥೆ: ಎಲ್ಲರೂ ಒಬ್ಬನ ಮಕ್ಕಳು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ 1854ರಲ್ಲಿ ಮಾರ್ಟನ್ ಮತ್ತವರ ಕಡೆಯವರ ವಾದವನ್ನು ಎದುರಿಸಿ ಭಾಷಣ ಮಾಡಿದರು. ಹಳೆಯ ಕಥೆಯ ಕಾಲಲೆಕ್ಕ ಪೂರ್ತಿ ತಪ್ಪಾಗಿತ್ತು, ಆದರೆ ಮನುಷ್ಯಕುಲ ಒಂದೇ ಅನ್ನುವ ಅದರ ಮಾತು ಬುರುಡೆ ಅಳೆಯುವವರ ಮಾತಿಗಿಂತ ಸತ್ಯಕ್ಕೆ ಹತ್ತಿರ ಇತ್ತು.

ಜಪಾನಿನಲ್ಲಿ ಇನ್ನೊಂದು ಥರ. 1940ರ ದಶಕದ ಕೊನೆಯಿಂದ ಇಮಾನಿಶಿ ಕಿಂಜಿ ಮತ್ತು ಅವರ ವಿದ್ಯಾರ್ಥಿಗಳು ಮಂಗಗಳನ್ನು ಒಂದೊಂದಾಗಿ ಗುರುತು ಹಿಡಿದು, ಹೆಸರಿಟ್ಟು, ಅವುಗಳ ಸಂಬಂಧಗಳನ್ನು ವರ್ಷಗಟ್ಟಲೆ ಬರೆದಿಟ್ಟರು. 1953ರಲ್ಲಿ ಕೋಶಿಮಾ ದ್ವೀಪದಲ್ಲಿ ಇಮೋ ಎಂಬ ಎಳೆಯ ಹೆಣ್ಣು ಮಂಗ ಗೆಣಸನ್ನು ನೀರಲ್ಲಿ ತೊಳೆದು ತಿನ್ನಲು ಶುರುಮಾಡಿದ್ದನ್ನೂ, ಉಳಿದವು ಅದನ್ನು ಕಲಿತದ್ದನ್ನೂ ನೋಡಿದರು. ಪ್ರಾಣಿಗಳಲ್ಲೂ ಒಂದು ಬಗೆಯ ಸಂಸ್ಕೃತಿ ಇದೆ ಅನ್ನುವ ಮಾತು ಅವರಿಗೆ ಅಷ್ಟು ವಿಚಿತ್ರ ಅನಿಸಲಿಲ್ಲ. ಮನುಷ್ಯನಿಗೆ ಮಾತ್ರ ಆತ್ಮ, ಪ್ರಾಣಿಗೆ ಇಲ್ಲ ಅನ್ನುವ ಗೋಡೆ ಅವರ ಪರಂಪರೆಯಲ್ಲಿ ಅಷ್ಟು ಎತ್ತರ ಇರಲಿಲ್ಲ ಅನ್ನುವುದು ಇದಕ್ಕೆ ಒಂದು ಕಾರಣ ಅಂತ ಹಲವರು ಹೇಳುತ್ತಾರೆ, ನನಗೂ ಸರಿ ಅನಿಸುತ್ತದೆ. ಪಶ್ಚಿಮದವರು ಹೆಸರಿಡುವುದನ್ನೇ ಅವೈಜ್ಞಾನಿಕ ಅಂದರು. 1960ರಲ್ಲಿ ಕಾಡಿಗೆ ಹೋದ ಜೇನ್ ಗುಡಾಲ್ ಅವರೂ ಚಿಂಪಾಂಜಿಗಳಿಗೆ ಹೆಸರಿಟ್ಟದ್ದಕ್ಕೆ ಮಾತು ಕೇಳಬೇಕಾಯಿತು. ಆ ಚಿಂಪಾಂಜಿಗಳು ಕಡ್ಡಿಯ ಎಲೆ ಕಿತ್ತು, ಗೆದ್ದಲು ಹಿಡಿಯುವ ಉಪಕರಣ ಮಾಡಿಕೊಳ್ಳುತ್ತಿದ್ದವು. ಉಪಕರಣ ಮಾಡುವವನೇ ಮನುಷ್ಯ ಅಂತ ಅಲ್ಲಿಯವರೆಗೆ ಪಾಠ ಇತ್ತು.

ದಶಾವತಾರದ ಮಾತು ಇಲ್ಲಿ ಬಂದೇ ಬರುತ್ತದೆ ಅಲ್ವಾ? ಮತ್ಸ್ಯ, ಕೂರ್ಮ, ವರಾಹ, ನರಸಿಂಹ, ವಾಮನ, ನೋಡಿ ಡಾರ್ವಿನ್‌ಗಿಂತ ಮೊದಲೇ ನಮ್ಮವರು ಹೇಳಿದ್ದರು ಅಂತ. ಆ ಹೋಲಿಕೆ ಹುಟ್ಟಿದ್ದು ಡಾರ್ವಿನ್ ನಂತರ. ಥಿಯಾಸಫಿಯ ಬ್ಲಾವಟ್‌ಸ್ಕಿ 1877ರಲ್ಲಿ ಬರೆದರು, ಕೇಶವಚಂದ್ರ ಸೇನ್ 1880ರ ದಶಕದಲ್ಲಿ ಹೇಳಿದರು. ವಿಕಾಸವನ್ನು ಸ್ವಂತದ್ದು ಮಾಡಿಕೊಳ್ಳುವ ಆಸೆ ನನಗೆ ಅರ್ಥವಾಗುತ್ತದೆ, ಅದರಿಂದ ಇಲ್ಲಿ ಡಾರ್ವಿನ್‌ಗೆ ವಿರೋಧ ಕಡಿಮೆಯಾಯಿತು ಅನ್ನುವುದೂ ಇರಬಹುದು. ಯುಗಗಳ ಲೆಕ್ಕದಲ್ಲಿ ಲಕ್ಷಗಟ್ಟಲೆ ವರ್ಷ ಕೇಳಿ ಬೆಳೆದವರಿಗೆ ಆರು ಸಾವಿರ ವರ್ಷದ ಇಕ್ಕಟ್ಟೂ ಇರಲಿಲ್ಲ. ಆದರೆ ಈ ಹೋಲಿಕೆ ವಿಕಾಸದಿಂದ ತೆಗೆದುಕೊಂಡದ್ದು ಮರವನ್ನಲ್ಲ, ಏಣಿಯನ್ನು. ಕೆಳಗಿಂದ ಮೇಲಕ್ಕೆ, ಮೀನಿನಿಂದ ಪುರುಷೋತ್ತಮನವರೆಗೆ. 1965ರಲ್ಲಿ ರುಡಾಲ್ಫ್ ಜಾಲಿಂಗರ್ ಬರೆದ, ಬಗ್ಗಿದ ವಾನರದಿಂದ ನೆಟ್ಟಗೆ ನಡೆಯುವ ಮನುಷ್ಯನವರೆಗೆ ಸಾಲಾಗಿ ಹೊರಟ ಆ ಪ್ರಸಿದ್ಧ ಚಿತ್ರ ಹೇಳುವುದೂ ಅದನ್ನೇ. ಎರಡೂ ತಪ್ಪು, ಒಂದೇ ಕಾರಣಕ್ಕೆ.

ಡಿಎನ್‌ಎ ಬಂದಮೇಲೆ ಇದೆಲ್ಲ ಮುಗಿಯಿತು ಅಂದುಕೊಳ್ಳಬೇಡಿ. 1987ರಲ್ಲಿ ರೆಬೆಕಾ ಕ್ಯಾನ್, ಮಾರ್ಕ್ ಸ್ಟೋನ್‌ಕಿಂಗ್, ಅಲನ್ ವಿಲ್ಸನ್ ತಾಯಿಯಿಂದ ಮಾತ್ರ ಬರುವ ಮೈಟೋಕಾಂಡ್ರಿಯಾ ಡಿಎನ್‌ಎ ನೋಡಿ, ಈಗಿನ ಎಲ್ಲರ ತಾಯಿಸಾಲು ಸುಮಾರು ಎರಡು ಲಕ್ಷ ವರ್ಷದ ಹಿಂದೆ, ಬಹುಶಃ ಆಫ್ರಿಕಾದಲ್ಲಿ, ಒಬ್ಬಳಲ್ಲಿ ಸೇರುತ್ತದೆ ಅಂತ ತೋರಿಸಿದರು. ಪತ್ರಿಕೆಗಳು ಅವಳನ್ನು ಬೈಬಲಿನ ಹವ್ವ ಮಾಡಿದವು. ಕೂಡಲೇ ಜನಕ್ಕೆ ಒಬ್ಬಳೇ ಹೆಂಗಸು, ಒಂದು ತೋಟ, ಒಂದು ಆರಂಭ ಕಂಡಿತು. ನಿಜದಲ್ಲಿ ಅವಳ ಕಾಲದಲ್ಲಿ ಸಾವಿರಾರು ಹೆಂಗಸರಿದ್ದರು. ಅವರ ಡಿಎನ್‌ಎಯ ಬೇರೆ ಭಾಗಗಳು ನಮ್ಮಲ್ಲಿ ಇವತ್ತಿಗೂ ಇವೆ, ತಾಯಿಯಿಂದ ಮಗಳಿಗೆ ಹೋಗುವ ಆ ಒಂದು ಸಾಲು ಮಾತ್ರ ಎಲ್ಲೋ ಗಂಡುಮಕ್ಕಳಲ್ಲಿ ಕೊನೆಯಾಗಿದೆ.

2010ರಲ್ಲಿ ನಿಯಾಂಡರ್ತಾಲ್ ಎಂಬ ಅಳಿದುಹೋದ ಮನುಷ್ಯರ ಡಿಎನ್‌ಎ ಓದಿದಾಗ ಒಂದೇ ಆರಂಭದ ಕಥೆಗೆ ಇನ್ನೊಂದು ಪೆಟ್ಟು ಬಿತ್ತು. ಆಫ್ರಿಕಾದ ಹೊರಗಿನ ಜನರ ಡಿಎನ್‌ಎಯಲ್ಲಿ ಸುಮಾರು ಎರಡು ಪರ್ಸೆಂಟ್ ಅವರದು. ಅದೇ ವರ್ಷ ಸೈಬೀರಿಯಾದ ಗುಹೆಯ ಒಂದು ಬೆರಳ ಮೂಳೆಯಿಂದ ಡೆನಿಸೋವನ್ನರು ಎಂಬ ಇನ್ನೊಂದು ಬಗೆಯವರು ಗೊತ್ತಾದರು, ಅವರ ಪಾಲೂ ನ್ಯೂ ಗಿನಿಯಂಥ ಕಡೆಯ ಜನರಲ್ಲಿದೆ. 2017ರಲ್ಲಿ ಮೊರಾಕೊದ ಜೆಬೆಲ್ ಇರ್ಹೂದ್‌ನಲ್ಲಿ ಸಿಕ್ಕ ನಮ್ಮದೇ ಬಗೆಯ ಮನುಷ್ಯರ ಬುರುಡೆಗಳಿಗೆ ಸುಮಾರು ಮೂರು ಲಕ್ಷ ವರ್ಷ ಅಂತ ಗೊತ್ತಾದಮೇಲೆ, ಆಫ್ರಿಕಾದ ಒಳಗೂ ಒಂದೇ ತೊಟ್ಟಿಲು ಹುಡುಕುವುದು ಸರಿಯಾ ಅನ್ನುವ ಮಾತು ಗಟ್ಟಿಯಾಯಿತು. ಅಲ್ಲಲ್ಲಿ ಹರಡಿದ್ದ ಗುಂಪುಗಳು ಬೇರೆಯಾಗುತ್ತಾ, ಮತ್ತೆ ಬೆರೆಯುತ್ತಾ ನಾವಾದೆವು ಅಂತ ಈಗ ಹಲವು ಸಂಶೋಧಕರು ಹೇಳುತ್ತಾರೆ. ಡಾರ್ವಿನ್ ಮರವೂ ಸಾಲದು ಇದಕ್ಕೆ, ಕೊಂಬೆಗಳು ಮತ್ತೆ ಕೂಡಿಕೊಂಡಿವೆ.

ಈಗ ನಡೆಯುತ್ತಿರುವ ಒಂದು ಜಗಳವನ್ನು ನಾನು ಬಿಡದೆ ಓದುತ್ತಿದ್ದೇನೆ. ದಕ್ಷಿಣ ಆಫ್ರಿಕಾದ ರೈಸಿಂಗ್ ಸ್ಟಾರ್ ಗುಹೆಯಲ್ಲಿ ಸಿಕ್ಕ ಹೋಮೋ ನಲೆಡಿ ಎಂಬ ಆದಿಮಾನವರ ಮೆದುಳು ನಮ್ಮದರ ಮೂರನೇ ಒಂದರಷ್ಟು ಮಾತ್ರ, ಆದರೂ ಅವರು ಬದುಕಿದ್ದು ಸುಮಾರು 2,35,000ದಿಂದ 3,35,000 ವರ್ಷದ ಹಿಂದೆ. ಅವರು ಸತ್ತವರನ್ನು ಗುಂಡಿ ತೋಡಿ ಮಣ್ಣು ಮಾಡುತ್ತಿದ್ದರು ಅಂತ ಲೀ ಬರ್ಗರ್ ತಂಡ 2023ರಲ್ಲಿ ಹೇಳಿತು. ಸಾಕ್ಷಿ ಸಾಲದು ಅಂತ ವಿಮರ್ಶಕರು ಕಟುವಾಗಿಯೇ ಬರೆದರು. ಎರಡು ಕಡೆಯೂ ಹಳೆಯ ನೆರಳು ನನಗೆ ಕಾಣಿಸುತ್ತದೆ. ಇಷ್ಟು ಪುಟ್ಟ ತಲೆಯವರು ಸಾವಿಗೆ ಮರುಗಲು ಸಾಧ್ಯವೇ ಇಲ್ಲ ಅನ್ನುವ ಅವಸರದಲ್ಲಿ ಪಿಲ್ಟ್‌ಡೌನ್ ಕಾಲದ ತಲೆ ಮೊದಲು ಇದೆ. ಶವಸಂಸ್ಕಾರ ಸಿಕ್ಕರೆ ಮನುಷ್ಯತ್ವ ಸಿಕ್ಕಿತು ಅನ್ನುವ ಉತ್ಸಾಹದಲ್ಲಿ ಆತ್ಮ ಎಲ್ಲಿ ಶುರುವಾಯಿತು ಅನ್ನುವ ಹಳೆಯ ಹುಡುಕಾಟ ಇದೆ. ನನಗೆ ಒಳಗೊಳಗೇ ಬರ್ಗರ್ ಗೆಲ್ಲಲಿ ಅಂತ ಆಸೆ, ಅದಕ್ಕೇ ಅವರ ವಿರುದ್ಧ ಬಂದದ್ದನ್ನು ಎರಡೆರಡು ಸಲ ಓದುತ್ತೇನೆ. ಆ ಮಣ್ಣಿನ ಪದರ ನಿಜವಾಗಿ ಕತ್ತರಿಸಿದೆಯಾ, ಗುಂಡಿಗೆ ಅಂಚು ಇದೆಯಾ, ಒಳಗಿನ ಮಣ್ಣೂ ಹೊರಗಿನ ಮಣ್ಣೂ ಬೇರೆಯಾ, ಮೈಮಾಂಸ ಇರುವಾಗಲೇ ದೇಹ ಮುಚ್ಚಿಹೋಗಿತ್ತಾ? ಜಗಳ ಈಗ ಈ ಪ್ರಶ್ನೆಗಳ ಮೇಲೆ ನಡೆಯುತ್ತಿದೆ. ಇವಕ್ಕೆ ಉತ್ತರ ಕೊಡಬೇಕಾದದ್ದು ಮಣ್ಣು.